ಕೂನೂರಿನ ನೀರೂ ನಮ್ಮ ಮನೆಯ ಚಹವೂ

ನಮ್ಮ ಮೈಸೂರಿನ ಮನೆಗಳಲ್ಲಿ ಕಾಫಿಗೆ ಇರುವ ಮನ್ನಣೆಯು ಚಹಕ್ಕೆ ಇಲ್ಲವೆಂಬುದನ್ನು ವಾಚಕರೆಲ್ಲರೂ ಬಲ್ಲರು. ಬೀಜವನ್ನು ಹುರಿಯುವುದರಲ್ಲಿ, ಪುಡಿಮಾಡಿಸುವುದರಲ್ಲಿ, ಡಿಕಾಕ್ಷನ್ ಇಳಿಸುವುದರಲ್ಲಿ ನಮ್ಮ ಗೃಹಿಣಿಯರು ತೋರುವ ಎಚ್ಚರದ ಹತ್ತರಲ್ಲೊಂದು ಪಾಲು ಕೂಡ ಚಹದ ಭಾಗಕ್ಕೆ ಬರುವುದಿಲ್ಲ. ನೀರು, ಹಾಲು, ಸಕ್ಕರೆ, ಪುಡಿ ಎಲ್ಲವನ್ನೂ ಒಂದೇ ತಪ್ಪಲೆಗೆ ಸುರಿದು, ಇಟ್ಟಿಗೆಯ ಬಣ್ಣ ಬರುವವರೆಗೆ ಕುದಿಸಿ ಸೋಸಿದರೆ ಚಹವಾಯಿತು. ನಮ್ಮ ಮನೆಯಲ್ಲಿಯೂ ಇದೇ ಪದ್ಧತಿಯು ಮೂವತ್ತು ವರ್ಷ ನಡೆಯಿತು.

ಚಹವನ್ನು ನಮ್ಮ ಮನೆಗೆ ತಂದವರು ನಮ್ಮ ಅಣ್ಣನವರು. ರೈಲ್ವೆಯ ಕೆಲಸದಲ್ಲಿ ಊರೂರು ಸುತ್ತಿದ್ದ ಅವರಿಗೆ ಮಧ್ಯಾಹ್ನ ನಾಲ್ಕು ಗಂಟೆಗೆ ಚಹವಿಲ್ಲದಿದ್ದರೆ ದಿನವು ಮುಂದೆ ಸಾಗುತ್ತಿರಲಿಲ್ಲ. ಅವರೂ ಅತ್ತಿಗೆಯವರೂ ಹೊರಗಿನ ಜಗಲಿಯ ಮೇಲೆ ಕುಳಿತು, ಬೀದಿಯಲ್ಲಿ ಹೋಗಿಬರುವವರನ್ನು ಮಾತನಾಡಿಸುತ್ತ ಒಂದೊಂದು ಲೋಟ ಚಹ ಕುಡಿಯುವುದು ನಮ್ಮ ಬೀದಿಗೇ ಪರಿಚಿತವಾದ ನೋಟವಾಗಿತ್ತು. ಅಣ್ಣನವರು ತೀರಿಕೊಂಡ ಮೇಲೆ ಅತ್ತಿಗೆಯವರು ಆ ರೂಢಿಯನ್ನು ಬಿಡಲಿಲ್ಲ, ಹೆಚ್ಚಿಸಿಕೊಂಡರು. ಊಟದ ಜೊತೆಗೆ ಒಂದು ಲೋಟ, ಊಟ ಬೇಡವೆನಿಸಿದ ದಿನ ಊಟದ ಬದಲಿಗೆ ಎರಡು ಲೋಟ. ಕಳೆದ ದೀಪಾವಳಿಯ ಸಮಯದಲ್ಲಿ ಮೆಟ್ಟಿಲು ಹತ್ತುವಾಗ ಅವರಿಗೆ ಕಣ್ಣು ಕತ್ತಲೆಗೂಡಿತು. ವೈದ್ಯರು ರಕ್ತವನ್ನು ಪರೀಕ್ಷಿಸಿ, ಕಬ್ಬಿಣದ ಅಂಶವು ತೀರ ಕಡಿಮೆಯಾಗಿರುವುದೆಂದು ಹೇಳಿ, ಗುಳಿಗೆಗಳನ್ನು ಕೊಟ್ಟು, ಊಟದ ಜೊತೆಗೆ ಚಹ ಸೇವಿಸಕೂಡದೆಂದು ಎಚ್ಚರಿಸಿದರು.

ಅತ್ತಿಗೆಯವರು ಆ ಮಾತಿನ ಅರ್ಧವನ್ನು ಮಾತ್ರ ಕೇಳಿಸಿಕೊಂಡರು. ಅಂದೇ ಚಹದ ಡಬ್ಬಿಯನ್ನು ಅಟ್ಟದ ಮೇಲಿಟ್ಟರು. ಗುಳಿಗೆಗಳನ್ನು ತಪ್ಪದೆ ನುಂಗಿದರು. ಆದರೆ ನಾಲ್ಕು ಗಂಟೆಗೆ ಜಗಲಿಗೆ ಬರುವುದನ್ನೂ ನಿಲ್ಲಿಸಿದರು. ರಕ್ತವು ಕೂಡಿಕೊಳ್ಳುವ ಮೊದಲೇ ಮನುಷ್ಯರೇ ಬಾಡಿಹೋಗುವರೇನೋ ಎಂಬ ಚಿಂತೆಯು ನಮ್ಮನ್ನು ಹಿಡಿಯಿತು. ಹೀಗಿರಲು, ನಮ್ಮ ಮನೆಯಾಕೆಯ ಬಾಲ್ಯದ ಗೆಳತಿಯೊಬ್ಬರು ಕೂನೂರಿನ ಸಮೀಪದ ತಮ್ಮ ಹಟ್ಟಿಯಿಂದ, ಹೆತ್ತೆ ಹಬ್ಬದ ದಿನಗಳಿಗೆ ಬರಬೇಕೆಂದು ಕರೆ ಕಳುಹಿಸಿದರು. ಸ್ಥಳ ಬದಲಾದರೆ ಮನಸ್ಸೂ ಬದಲಾದೀತೆಂದು ಅತ್ತಿಗೆಯವರನ್ನು ಒಪ್ಪಿಸಿ, ಜನವರಿಯ ಒಂದು ಮುಂಜಾನೆ ನಾವು ಮೂವರೂ ಹೊರಟೆವು.

ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದು ಬಂಡೀಪುರದ ಕಾಡನ್ನು ಹೊಕ್ಕೆವು. ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ಈ ದಾರಿಯಲ್ಲಿ ಸಾಮಾನ್ಯ ವಾಹನಗಳಿಗೆ ಎಡೆಯಿಲ್ಲವಾದುದರಿಂದ ಹೊತ್ತು ನೋಡಿಕೊಂಡೇ ಹೊರಡಬೇಕು. ತೆಪ್ಪಕಾಡನ್ನು ದಾಟಿ ಗೂಡಲೂರಿನಿಂದ ಮೇಲೇರತೊಡಗಿದಂತೆ ಬಿಸಿಲಿನ ಬಣ್ಣವೇ ಬೇರೆಯಾಯಿತು. ನಡುವಟ್ಟದ ಬಳಿ ಬೆಟ್ಟದ ಇಳಿಜಾರುಗಳೆಲ್ಲ ಹಸುರು ಕಂಬಳಿಯನ್ನು ಹಾಸಿ ಸಾಲುಸಾಲಾಗಿ ಮಡಿಸಿಟ್ಟಂತೆ ಕಾಣುತ್ತಿದ್ದವು. ಉದಕಮಂಡಲದಲ್ಲಿ ಹಿಂದಿನ ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ, ತಗ್ಗಿನ ಹುಲ್ಲುಗಾವಲು ಹೊತ್ತೇರಿದರೂ ಬೆಳ್ಳಗೇ ಇತ್ತು. ಅಲ್ಲಿಂದ ಕೂನೂರಿಗೆ ನಾವು ಚಿಕ್ಕ ರೈಲಿನಲ್ಲಿ ಇಳಿದೆವು. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ ೧೮೯೯ರಲ್ಲಿಯೂ, ಉದಕಮಂಡಲದವರೆಗೆ ೧೯೦೮ರಲ್ಲಿಯೂ ಓಡತೊಡಗಿದ ಈ ರೈಲುದಾರಿಯು ೨೦೦೫ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅತ್ತಿಗೆಯವರು ಕಿಟಕಿಯ ಬಳಿ ಕುಳಿತು, "ನಿಮ್ಮಣ್ಣ ಈ ಗಾಡಿಯ ವಿಷಯ ಎಷ್ಟು ಹೇಳ್ತಿದ್ದರು!" ಎಂದರು. ಎರಡು ತಿಂಗಳಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ನೀಲಗಿರಿಯು ಆಡಳಿತದಲ್ಲಿ ತಮಿಳುನಾಡಿಗೆ ಸೇರಿದ್ದರೂ ಕನ್ನಡಿಗನಿಗೆ ಅಲ್ಲಿ ಪರಸ್ಥಳವೆಂಬ ಭಾವನೆ ಬರುವುದಿಲ್ಲ. ೨೬೩೭ ಮೀಟರು ಎತ್ತರದ ಅಲ್ಲಿನ ಮೇಲು ಶಿಖರಕ್ಕೆ ದೊಡ್ಡಬೆಟ್ಟವೆಂದೇ ಹೆಸರು. ಬಡಗರ ಊರು ಹಟ್ಟಿ. ಬಡಗಣ ಸೀಮೆಯಿಂದ, ಎಂದರೆ ಮೈಸೂರಿನ ಕಡೆಯಿಂದ, ಬೆಟ್ಟವೇರಿ ಬಂದವರಾದುದರಿಂದ ಅವರಿಗೆ ಬಡಗರೆಂದು ಹೆಸರಾಯಿತೆಂದು ಹೇಳುವರು. ಅವರ ಮಾತು ಕನ್ನಡದ ಒಡಹುಟ್ಟು. ಗೆಳತಿಯ ಅತ್ತೆಯವರೂ ನಮ್ಮ ಅತ್ತಿಗೆಯವರೂ ಮೊದಲ ದಿನ ಸನ್ನೆಗಳಿಂದ ಮಾತು ಆರಂಭಿಸಿ, ಮರುದಿನ ಸಂಜೆಯ ಹೊತ್ತಿಗೆ ಯಾರ ಸಹಾಯವೂ ಇಲ್ಲದೆ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು.

ಆ ಮನೆಯವರಿಗೆ ಒಂದೂವರೆ ಎಕರೆ ಚಹದ ತೋಟವುಂಟು. ಗೆಳತಿಯ ಪತಿಯವರು ಹತ್ತಿರದ ಕಾರ್ಖಾನೆಯಲ್ಲಿ ಚಹ ತಯಾರಿಸುವ ಕೆಲಸದಲ್ಲಿರುವರು. ಅವರು ನಮ್ಮನ್ನು ತೋಟದಲ್ಲಿ ಸುತ್ತಾಡಿಸಿ, ಈ ಗಿಡದ ವೃತ್ತಾಂತವನ್ನೆಲ್ಲ ಹೇಳಿದರು. ೧೮೩೦ರ ದಶಕದಲ್ಲಿ ಕೇತಿಯ ಪ್ರಯೋಗ ತೋಟದಲ್ಲಿ ಚಹದ ಸಸಿಗಳನ್ನು ನೆಟ್ಟು ನೋಡಿದರಂತೆ. ವ್ಯಾಪಾರದ ತೋಟಗಳು ಎದ್ದುದು ಅದಾಗಿ ಇಪ್ಪತ್ತು ಮೂವತ್ತು ವರ್ಷಗಳ ತರುವಾಯ. ಅಸ್ಸಾಮಿನಲ್ಲಿಯೂ ಡಾರ್ಜಿಲಿಂಗಿನಲ್ಲಿಯೂ ಚಳಿಗಾಲದಲ್ಲಿ ಗಿಡವು ನಿದ್ರಿಸುತ್ತದೆ. ನೀಲಗಿರಿಯಲ್ಲಿ ವರ್ಷವಿಡೀ ಚಿಗುರುತ್ತದೆ. ಆದರೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಚಳಿಯಲ್ಲಿ ಚಿಗುರು ನಿಧಾನವಾಗಿ ಬರುವುದರಿಂದ ಅದರ ಪರಿಮಳವು ಹೆಚ್ಚು.

ನಮಗೆ ಬೆರಗಾದ ಸಂಗತಿಯೆಂದರೆ, ಬಿಳಿಯ ಚಹ, ಹಸುರು ಚಹ, ಊಲಾಂಗ್, ಕಪ್ಪು ಚಹ ಇವೆಲ್ಲವೂ ಒಂದೇ ಜಾತಿಯ ಗಿಡದವು ಎಂಬುದು. ಭೇದವಿರುವುದು ಕೈಕೆಲಸದಲ್ಲಿ. ಕಿತ್ತ ಎಲೆಯನ್ನು ಹಿಸುಕಿದರೆ ಅದರ ರಸವು ಗಾಳಿಯೊಡನೆ ಬೆರೆತು, ಹೆಚ್ಚಿಟ್ಟ ಬದನೆಕಾಯಿಯಂತೆ, ಕಂದುಬಣ್ಣಕ್ಕೆ ತಿರುಗುವುದು. ಈ ಮಾರ್ಪಾಟು ಪೂರ್ತಿಯಾಗಿ ನಡೆಯಬಿಟ್ಟರೆ ಕಪ್ಪು ಚಹ. ಅರ್ಧದಲ್ಲಿ ತಡೆದರೆ ಊಲಾಂಗ್. ಮೊದಲೇ ಹಬೆಯಿಂದಲೋ ಬಿಸಿ ಬಾಣಲೆಯಿಂದಲೋ ಎಲೆಯನ್ನು ಕಾಯಿಸಿ ತಡೆದುಬಿಟ್ಟರೆ ಹಸುರು ಚಹ. ಎಳೆಯ ಮೊಗ್ಗನ್ನು ಹಿಸುಕದೆ ಬಾಡಿಸಿ ಒಣಗಿಸಿದರೆ ಬಿಳಿಯ ಚಹ. ನಮ್ಮ ಅಂಗಡಿಗಳಲ್ಲಿ ದೊರೆಯುವ ಸಾಸಿವೆಯಂಥ ಉರುಟು ಪುಡಿಯು, ಹಲ್ಲುಗಳುಳ್ಳ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿಮಾಡುವ ಯಂತ್ರದಿಂದ ಬರುವುದು. ೧೯೩೦ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿದ ಈ ಯಂತ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಸಿ.ಟಿ.ಸಿ. ಇದಕ್ಕೆ ಬೇಗ ಬಣ್ಣ ಬಿಡುವ ಗುಣವುಂಟು. ಹಾಲಿಗೆ ಎದುರು ನಿಲ್ಲುವ ಶಕ್ತಿಯುಂಟು. ಎಲೆಯನ್ನು ಹೊಸೆದು ಮಾಡಿದ ಹಳೆಯ ರೀತಿಯ ಚಹಕ್ಕೆ ಆರ್ಥೊಡಾಕ್ಸ್ ಎಂದು ಹೆಸರು.

ಸಂಜೆ ನಾಲ್ಕಕ್ಕೆ ಆ ಮನೆಯ ಹಿರಿಯಾಕೆ ತಾವೇ ಹೊಸೆದ ಚಹವನ್ನು ನಮಗೆ ಮಾಡಿಕೊಟ್ಟರು. ಎರಡೆಲೆ ಒಂದು ಮೊಗ್ಗನ್ನು ಮಾತ್ರ ಕಿತ್ತು, ಮೊರದ ಮೇಲೆ ರಾತ್ರಿಯೆಲ್ಲ ಬಾಡಿಸಿ, ಅಂಗೈಯಲ್ಲಿ ರಸ ಒಸರುವವರೆಗೆ ಹೊಸೆದು, ಒದ್ದೆ ಬಟ್ಟೆಯ ಕೆಳಗೆ ತಾಮ್ರದ ಬಣ್ಣ ಬರುವವರೆಗಿಟ್ಟು, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಒಣಗಿಸಿದ ಎಲೆ ಅದು. ನಾಲ್ಕು ಕಿಲೋಗಿಂತಲೂ ಹೆಚ್ಚು ಹಸಿ ಎಲೆಗೆ ಒಂದು ಕಿಲೋ ಚಹ ದೊರೆಯುವುದಂತೆ. ನೀರು ಕುದಿಯುತ್ತಲೆ ಮೊದಲು ಪಿಂಗಾಣಿ ಪಾತ್ರೆಯನ್ನು ಬಿಸಿನೀರಿನಿಂದ ತೊಳೆದರು. ತಲೆಗೊಂದು ಚಮಚೆಯಂತೆ ಎಲೆ ಹಾಕಿ, ನೀರೆರೆದು, ಮುಚ್ಚಿ, ಮೂರು ನಿಮಿಷ ಬಿಟ್ಟು ಪೂರ್ತಿಯಾಗಿ ಬಸಿದರು. ಹಾಲಿಲ್ಲ, ಸಕ್ಕರೆಯಿಲ್ಲ. ಜೇನಿನ ಬಣ್ಣದ ಆ ಚಹದಲ್ಲಿ ಹೂವಿನ ಕಂಪೂ, ನಾಲಗೆಯ ತುದಿಯಲ್ಲಿ ಮಾತ್ರ ತುಸು ಒಗರೂ ಇದ್ದವು. ಮೂರೂ ಬಟ್ಟಲುಗಳು ಬರಿದಾದುವು. ಅತ್ತಿಗೆಯವರ ಬಟ್ಟಲು ಹಾಗೆಯೇ ಇತ್ತು.

"ಯಾಕಮ್ಮಾ?" ಎಂದು ಹಿರಿಯಾಕೆ ಕೇಳಿದರು. ನಾವು ಸಂಕೋಚದಿಂದ ವೈದ್ಯರ ಮಾತನ್ನು ತಿಳಿಸಿದೆವು. ಗೆಳತಿಯ ಪತಿಯವರು ಸಮಾಧಾನವಾಗಿ ಕೇಳಿ ಹೀಗೆಂದರು: "ಚಹದ ಒಗರು ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ಹೊಟ್ಟೆಯಲ್ಲಿಯೇ ಹಿಡಿದುಕೊಂಡುಬಿಡುತ್ತದೆ, ರಕ್ತಕ್ಕೆ ಸೇರಗೊಡುವುದಿಲ್ಲ. ಅದು ನಿಜ. ಆದರೆ ವೈದ್ಯರು ಊಟದ ಜೊತೆಗೆ ಬೇಡವೆಂದರಲ್ಲವೆ? ಮಧ್ಯಾಹ್ನದ ಊಟಕ್ಕೂ ನಾಲ್ಕು ಗಂಟೆಗೂ ನಡುವೆ ಎಷ್ಟು ಹೊತ್ತಾಯಿತು? ನಿಮ್ಮ ವೈದ್ಯರನ್ನೇ ಇನ್ನೊಮ್ಮೆ ಕೇಳಿ ನೋಡಿ." ನಾವು ಅಲ್ಲಿಯೇ ದೂರವಾಣಿಯಲ್ಲಿ ವಿಚಾರಿಸಿದೆವು. ಊಟಕ್ಕೂ ಗುಳಿಗೆಗೂ ಮೊದಲು ಒಂದು ಗಂಟೆ, ಅನಂತರ ಒಂದೆರಡು ಗಂಟೆ ಬಿಟ್ಟು, ದಿನಕ್ಕೆ ಒಂದು ಬಟ್ಟಲು ತಿಳಿಯಾದ ಚಹಕ್ಕೆ ತಮ್ಮ ಆಕ್ಷೇಪವಿಲ್ಲವೆಂದೂ, ಹಸುರು ಚಹವೆಂಬ ಕಾರಣಕ್ಕೆ ಊಟದ ಜೊತೆಗೆ ಕುಡಿಯಬಹುದೆಂದು ಭಾವಿಸಬಾರದೆಂದೂ, ಊಟದಲ್ಲಿ ನಿಂಬೆಯ ರಸವಿದ್ದರೆ ಕಬ್ಬಿಣವು ಮೈಗೆ ಹತ್ತಲು ಸಹಾಯವೆಂದೂ ವೈದ್ಯರು ತಿಳಿಸಿದರು. ಅತ್ತಿಗೆಯವರು ಎಲ್ಲವನ್ನೂ ಕೇಳಿ, ಬಟ್ಟಲನ್ನು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದರು. ಹಿರಿಯಾಕೆಯೂ ಹಿಂದೆಯೇ ಹೋಗಿ ಪಕ್ಕದಲ್ಲಿ ಕುಳಿತರು. ನಾವು ಒಳಗೆಯೇ ಉಳಿದೆವು.

ಆ ಹಿರಿಯಾಕೆಗೂ ಚಿಂತೆಯಿಲ್ಲದಿರಲಿಲ್ಲ. ಸಣ್ಣ ತೋಟದವರು ಹಸಿ ಎಲೆಯನ್ನು ಕಾರ್ಖಾನೆಗೆ ಮಾರಿ ಬದುಕುವವರು. ಎಲೆಯ ಬೆಲೆಯು ಹರಾಜಿನ ಬೆಲೆಯೊಡನೆ ಏರುತ್ತದೆ, ಇಳಿಯುತ್ತದೆ. ಕೂನೂರಿನಲ್ಲಿಯೇ ೧೯೬೩ರಿಂದ ಚಹದ ಹರಾಜು ನಡೆಯುತ್ತಿದೆ. ಸಣ್ಣ ಬೆಳೆಗಾರರ ಸಹಕಾರ ಕಾರ್ಖಾನೆಗಳೂ ೧೯೬೦ರ ದಶಕದಿಂದ ಇವೆ. ೧೯೯೧ರಲ್ಲಿ ಸೋವಿಯತ್ ಒಕ್ಕೂಟವು ಒಡೆದಾಗ ನೀಲಗಿರಿಯ ಚಹಕ್ಕೆ ಇದ್ದ ದೊಡ್ಡ ಮಾರುಕಟ್ಟೆಯೊಂದು ಕೈತಪ್ಪಿತು. ಆ ದಶಕದ ಕೊನೆಯಲ್ಲಿ ಎಲೆಯ ಬೆಲೆ ಕುಸಿದಾಗ ಈ ಮನೆಯವರು ಹಸುವನ್ನು ಮಾರಿ ಮಗನನ್ನು ಓದಿಸಿದರು. ನಯವಾದ ಎಲೆಗೂ ಒರಟು ಎಲೆಗೂ ಬೆಲೆಯಲ್ಲಿ ಹೆಚ್ಚಿನ ಅಂತರ ಸಿಕ್ಕದಿರುವಾಗ ಬೆರಳಿನಿಂದ ಆರಿಸಿ ಕೀಳುವವರು ಯಾರು? ಕೂಲಿಯೂ ದುಬಾರಿಯಾಗಿ, ಅನೇಕರು ಕತ್ತರಿಯಿಂದ ಕತ್ತರಿಸಿ ಚೀಲಕ್ಕೆ ತುಂಬುವರು. ಈಗ ಬಯಲುಸೀಮೆಯ ಧನಿಕರೊಬ್ಬರು ವಿಹಾರಗೃಹ ಕಟ್ಟುವುದಕ್ಕೆಂದು ಈ ಒಂದೂವರೆ ಎಕರೆಯನ್ನು ಕೇಳಿರುವರಂತೆ. ಮಗನಿಗೆ ಕೊಡಬಹುದೆಂಬ ಮನಸ್ಸು. ಸೊಸೆಗೆ ಬೇಡವೆಂಬ ಮನಸ್ಸು. ಹಿರಿಯಾಕೆ ಯಾರಿಗೂ ಉತ್ತರ ಹೇಳಿಲ್ಲ. ಆ ಗಿಡಗಳನ್ನು ಅವರೂ ಅವರ ಯಜಮಾನರೂ ಆಲೂಗೆಡ್ಡೆಯ ಹೊಲವನ್ನು ತೆಗೆದು ತಮ್ಮ ಕೈಯಿಂದಲೇ ನೆಟ್ಟವರು. ಕೈಯಲ್ಲಿ ಹೊಸೆದ ಚಹವನ್ನು ಪರಿಚಿತರಿಗೆ ನೇರವಾಗಿ ಮಾರಿದರೆ ತೋಟವು ತನ್ನ ಖರ್ಚನ್ನು ತಾನು ಹೊತ್ತುಕೊಂಡೀತೇ ಎಂದು ಎರಡು ವರ್ಷಗಳಿಂದ ಪರೀಕ್ಷಿಸುತ್ತಿದ್ದಾರೆ.

ನಾವು ಅರ್ಧ ಕಿಲೋ ಹೊಸೆದ ಚಹವನ್ನು ಹಣ ಕೊಟ್ಟು ಕೊಂಡೆವು. ಹಸುರು ಚಹವನ್ನೂ ಬೆಳ್ಳಿಯ ಸೂಜಿಗಳಂತಿರುವ ಬಿಳಿಯ ಚಹವನ್ನೂ ಒಂದೊಂದು ಪೊಟ್ಟಣ ಕೂನೂರಿನ ಪೇಟೆಯಲ್ಲಿ ತೆಗೆದುಕೊಂಡು ಊರಿಗೆ ಮರಳಿದೆವು.

ಮನೆಯಲ್ಲಿ ಮೊದಲ ದಿನ ಮಾಡಿದ ಚಹವು ಬಾಯಿಗಿಡಲಾಗದಷ್ಟು ಕಹಿಯಾಗಿತ್ತು. ಬಣ್ಣವು ಮಂಕು; ಮೇಲೆ ತೆಳ್ಳನೆಯ ಕೆನೆಯಂಥ ಪೊರೆ. ಅದೇ ಎಲೆ, ಅದೇ ಅಳತೆ. ಅತ್ತಿಗೆಯವರು ಲೋಟವನ್ನು ಕೆಳಗಿಟ್ಟು, "ಅಲ್ಲಿನದು ಅಲ್ಲಿಗೇ ಚೆನ್ನ, ಬಿಡಿ" ಎಂದು ಎದ್ದರು. ನಮಗೆ ಎದೆ ಧಸಕ್ಕೆಂದಿತು. ಕೂಡಲೆ ಕೂನೂರಿಗೆ ಕೇಳಿದೆವು. ಗೆಳತಿಯ ಪತಿಯವರು ನಕ್ಕು, "ಎಲೆಯನ್ನು ಒಯ್ದಿರಿ, ನೀರನ್ನು ಒಯ್ಯಲಿಲ್ಲವಲ್ಲ!" ಎಂದರು.

ಅವರು ವಿವರಿಸಿದುದು ಇಷ್ಟು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಚಹದ ರಸದೊಡನೆ ಸೇರಿ ಆ ಪೊರೆಯನ್ನು ಕಟ್ಟುತ್ತದೆ, ಕಂಪನ್ನೂ ಮಂಕುಗೊಳಿಸುತ್ತದೆ. ಎರಡನೆಯದು ಕಾವು. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಕಾವಿನಲ್ಲಿಯೇ ಕುದಿಯುವುದು. ಮುನ್ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ಲೆಕ್ಕ. ಸುಮಾರು ೧೮೫೦ ಮೀಟರು ಎತ್ತರದ ಕೂನೂರಿನಲ್ಲಿ ೯೪ ಡಿಗ್ರಿ ಸೆಂಟಿಗ್ರೇಡಿಗೇ ನೀರು ಮರಳಿದರೆ, ಮೈಸೂರಿನಲ್ಲಿ ೯೭ನ್ನು ದಾಟಬೇಕು. ಎಂದರೆ ಅಲ್ಲಿನ ಕುದಿನೀರು ಆ ಎಲೆಗೆ ತಾನಾಗಿಯೇ ಹದವಾಗಿರುವುದು. ಇದಲ್ಲದೆ ನಾವು ಹಳೆಯ ಅಭ್ಯಾಸದಂತೆ, ನೀರೆರೆದ ಮೇಲೆಯೂ ಪಾತ್ರೆಯನ್ನು ಒಲೆಯ ಮೇಲೆಯೇ ಇಟ್ಟಿದ್ದೆವು, ಒಗರೆಲ್ಲ ಇಳಿದುಬಿಟ್ಟಿತ್ತು.

ಅಂದಿನಿಂದ ಸುಮಾರು ಹದಿನೈದು ದಿನ ನಮ್ಮ ಅಡಿಗೆಮನೆಯು ಪ್ರಯೋಗಶಾಲೆಯಾಯಿತು. ನಮಗೆ ಸರಿಯೆಂದು ತೋರಿದ ಕ್ರಮಗಳನ್ನು ಸೋದರಿಯರ ಉಪಯೋಗಕ್ಕಾಗಿ ಇಲ್ಲಿ ಬರೆಯುವೆವು. ಶೋಧಿಸಿದ ಮೆದುನೀರನ್ನು, ಇಲ್ಲವೆ ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನು, ಬಳಸಬೇಕು. ಒಮ್ಮೆ ಕುದಿಸಿ ಆರಿದ ನೀರನ್ನು ಮತ್ತೆ ಮತ್ತೆ ಕುದಿಸಬಾರದು. ೧೫೦ರಿಂದ ೨೦೦ ಮಿಲಿಲೀಟರ್ ನೀರಿಗೆ ಎರಡರಿಂದ ಎರಡೂವರೆ ಗ್ರಾಂ ಎಲೆ ಸಾಕು. ಸಿ.ಟಿ.ಸಿ. ಪುಡಿಯಾದರೆ ಒಂದು ಚಿಕ್ಕ ಚಮಚೆ; ಉದ್ದೆಲೆಯು ಹಗುರವಾದುದರಿಂದ ತುಂಬಿದ ಚಮಚೆ; ಬಿಳಿಯ ಚಹವು ಇನ್ನೂ ಹಗುರವಾದುದರಿಂದ ಎರಡು ಚಮಚೆ.

ಹೊಸೆದ ಕಪ್ಪು ಚಹಕ್ಕೆ, ಕುದಿದ ನೀರನ್ನು ಒಲೆಯಿಂದಿಳಿಸಿ ಅರ್ಧ ನಿಮಿಷ ಬಿಟ್ಟು ಎರೆದು, ಮೂರರಿಂದ ನಾಲ್ಕು ನಿಮಿಷ ಮುಚ್ಚಿಡಬೇಕು. ಡಾರ್ಜಿಲಿಂಗಿನ ಮೊದಲ ಚಿಗುರಿನ ಚಹವು ಇನ್ನೂ ಸುಕುಮಾರ; ಅದಕ್ಕೆ ೮೫ರಿಂದ ೯೦ ಡಿಗ್ರಿ ಕಾವೂ ಮೂರು ನಿಮಿಷವೂ ಸಾಕು. ಊಲಾಂಗಿಗೂ ಹೆಚ್ಚುಕಡಿಮೆ ಇದೇ ಕಾವು. ಹಸುರು ಚಹಕ್ಕೆ ೭೦ರಿಂದ ೮೦ ಡಿಗ್ರಿ ಮೀರಬಾರದು. ಎರಡು ನಿಮಿಷಕ್ಕೆ ಬಸಿಯಬೇಕು. ಇದನ್ನು ಕುದಿಸಿದರೆ ಬೇಯಿಸಿದ ಸೊಪ್ಪಿನ ವಾಸನೆಯೂ ಕಹಿಯೂ ಬರುವುವು. ಬಿಳಿಯ ಚಹಕ್ಕೆ ಸುಮಾರು ೮೦ ಡಿಗ್ರಿ. ನಾಲ್ಕೈದು ನಿಮಿಷ ತಾಳ್ಮೆ ಬೇಕು. ಉಷ್ಣಮಾಪಕವಿಲ್ಲದವರು ಕುದಿದ ನೀರನ್ನು ತಣ್ಣನೆಯ ಪಾತ್ರೆಯೊಂದಕ್ಕೆ ಒಮ್ಮೆ ಸುರಿದರೆ ಸುಮಾರು ಎಂಟು ಹತ್ತು ಡಿಗ್ರಿ ಇಳಿಯುವುದು. ಮತ್ತೊಂದಕ್ಕೆ ಸುರಿದರೆ ಹಸುರು ಚಹದ ಹದಕ್ಕೆ ಬರುವುದು. ಎಂಟನೆಯ ಶತಮಾನದಲ್ಲಿಯೇ ಚೀನದ ಲು ಯೂ ಎಂಬಾತನು ಚಹದ ಮೇಲೊಂದು ಗ್ರಂಥವನ್ನು ಬರೆದು, ನೀರಿನ ಗುಳ್ಳೆಗಳು ಮೀನಿನ ಕಣ್ಣಿನಷ್ಟಿವೆಯೇ, ಮುತ್ತಿನ ಸರದಂತಿವೆಯೇ ಎಂದು ನೋಡಿ ಹದವನ್ನು ತಿಳಿಯುವ ರೀತಿಯನ್ನು ವರ್ಣಿಸಿರುವನು. ನಮ್ಮ ಹಿರಿಯರು ಪಾಕದ ಎಳೆಯನ್ನು ನೋಡುವಂತೆಯೇ ಇದೂ ಕಣ್ಣಳತೆಯ ವಿದ್ಯೆ.

ಹಾಲಿನ ಚಹವನ್ನು ನಾವು ಕೈಬಿಟ್ಟೆವೆಂದು ಯಾರೂ ಭಾವಿಸಬಾರದು. ಅದಕ್ಕೆ ಸಿ.ಟಿ.ಸಿ. ಪುಡಿಯೇ ಸರಿ. ಎರಡು ಪಾಲು ನೀರನ್ನು ಕುದಿಸಿ ಪುಡಿ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಟ್ಟು, ಒಂದು ಪಾಲು ಕಾದ ಹಾಲನ್ನು ಬೆರೆಸಿ, ಒಂದೇ ಕುದಿ ಬಂದಕೂಡಲೆ ಸೋಸಬೇಕು. ಶುಂಠಿ ಬೇಕೆನ್ನುವವರು ಅದನ್ನು ಮೊದಲೇ ನೀರಿನಲ್ಲಿ ಕುದಿಸಬೇಕು. ಹಸಿಯಾಗಿ ಹಾಲಿಗೆ ಬಿದ್ದರೆ ಹಾಲು ಒಡೆಯುವ ಭಯವುಂಟು. ಎಲೆಯ ಡಬ್ಬಿಗೆ ಗಾಳಿಯೂ ಬೆಳಕೂ ತಗಲಬಾರದು. ಇಂಗು, ಸಾರಿನ ಪುಡಿಗಳ ನೆರೆಯಂತೂ ಬೇಡವೇ ಬೇಡ. ಚಹವು ಎಲ್ಲರ ಗಂಧವನ್ನೂ ತನ್ನದಾಗಿಸಿಕೊಳ್ಳುವ ಸ್ವಭಾವದ್ದು.

ಮೂರನೆಯ ದಿನದ ಪ್ರಯೋಗದಲ್ಲಿ ಜೇನಿನ ಬಣ್ಣವು ಮರಳಿ ಬಂದಿತು. ಆದರೆ ಅತ್ತಿಗೆಯವರು ಮೊದಲ ದಿನದ ಕಹಿಯನ್ನು ಮರೆತಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಹೊರಟುಹೋಗುತ್ತಿದ್ದರು. ಐದನೆಯ ದಿನ ನಮ್ಮ ಮನೆಯಾಕೆ ಗಡಿಯಾರವನ್ನು ಅವರ ಕೈಗೆ ಕೊಟ್ಟು, "ಮೂರು ನಿಮಿಷ ನೀವೇ ನೋಡಿ ಹೇಳಿ, ಅಕ್ಕಾ, ನನಗೆ ದೋಸೆಯ ಹಿಟ್ಟು ರುಬ್ಬುವುದಿದೆ" ಎಂದು ಒಳಗೆ ಹೋದರು. ಅತ್ತಿಗೆಯವರು ನೋಡಿದರು, ಬಸಿದರು, ಬಗ್ಗಿ ಮೂಸಿದರು. ಅನಂತರ ತಮ್ಮ ಲೋಟವನ್ನೆತ್ತಿಕೊಂಡು ಜಗಲಿಗೆ ನಡೆದರು. ಎದುರು ಮನೆಯ ಹುಡುಗನು "ಅಜ್ಜೀ, ಎಲ್ಲಿ ಹೋಗಿದ್ದಿರಿ ಇಷ್ಟು ದಿನ?" ಎಂದು ಕೂಗಿದುದು ಒಳಗೆ ನಮಗೂ ಕೇಳಿಸಿತು.

ಇದಾಗಿ ಮೂರು ತಿಂಗಳು ಕಳೆದಿವೆ. ವೈದ್ಯರು ಮತ್ತೆ ಪರೀಕ್ಷಿಸಿ, ರಕ್ತವು ಸುಧಾರಿಸುತ್ತಿದೆಯೆಂದೂ ಗುಳಿಗೆಗಳನ್ನು ಇನ್ನೂ ಕೆಲವು ಕಾಲ ನಿಲ್ಲಿಸಬಾರದೆಂದೂ ಹೇಳಿರುವರು. ಆ ಗುಣವು ಗುಳಿಗೆಗಳದ್ದೂ, ಸೊಪ್ಪು ಕಾಳು ನಿಂಬೆಗಳದ್ದೂ, ಊಟದ ಜೊತೆಗೆ ಚಹವಿಲ್ಲದಿರುವುದರದ್ದೂ ಆಗಿದೆ. ಚಹವು ಔಷಧವೆಂದು ನಾವು ಹೇಳಲಾರೆವು. ಅತ್ತಿಗೆಯವರು ಈಗ ದಿನಕ್ಕೆ ಒಂದೇ ಬಟ್ಟಲು ಕುಡಿಯುವರು. ಅದನ್ನು ತಾವೇ ಮಾಡಿಕೊಳ್ಳುವರು. ನಮ್ಮ ಕೈಯ ಹದವು ಅವರಿಗೆ ಒಪ್ಪಿಗೆಯಿಲ್ಲ.

ಕೂನೂರಿನ ಹಿರಿಯಾಕೆ ಇನ್ನೂ ತೋಟವನ್ನು ಮಾರಿಲ್ಲ, ಮಾರುವುದಿಲ್ಲವೆಂದೂ ಹೇಳಿಲ್ಲ. ಕಳೆದ ವಾರ ಅರ್ಧ ಕಿಲೋ ಮುಗಿಯುತ್ತ ಬಂದಾಗ ಅತ್ತಿಗೆಯವರು ತಮ್ಮ ಪಿಂಚಣಿಯ ಹಣದಿಂದ ಒಂದು ಕಿಲೋವಿಗೆ ಹಣ ಕಳುಹಿಸಿದರು. ಇಷ್ಟೊಂದು ಏಕೆಂದು ನಾವು ಕೇಳಿದ್ದಕ್ಕೆ, ಬೀದಿಯ ನಾಲ್ಕು ಮನೆಯವರು ಕಾಲು ಕಾಲು ಕಿಲೋ ಹೇಳಿರುವರೆಂದು ಉತ್ತರ ಕೊಟ್ಟರು. ಆ ನಾಲ್ಕು ಮನೆಯವರಿಗೂ ನೀರಿನ ಕಾವನ್ನು ಕಲಿಸುವ ಕೆಲಸವು ಈಗ ನಡೆದಿದೆ.